ಪದಾರ್ಥದ ಪಟ್ಟಿಗೆ ಅಂಕ ಏಕೆ?

ನಮ್ಮ ಕನ್ನಡ ಪಠ್ಯಪುಸ್ತಕಗಳಲ್ಲಿ ಪಾಠ ಮುಗಿದ ಕೂಡಲೇ ‘ಪದಗಳ ಅರ್ಥ’ ಎಂಬ ಪಟ್ಟಿಯೊಂದು ಬರುತ್ತದೆ. ಎಡಕ್ಕೆ ಕಷ್ಟದ ಪದ, ಬಲಕ್ಕೆ ಸುಲಭದ ಪದ, ನಡುವೆ ಒಂದು ಗೀಟು. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸಿ ಅಂಕ ಪಡೆಯುತ್ತಾರೆ. ಇಂಗ್ಲಿಷ್ ತರಗತಿಯಲ್ಲೂ ಇದೇ ಕ್ರಮ. ಅಲ್ಲಿ ಬಲಗಡೆಯ ಪದ ಕನ್ನಡದ್ದು, ಅಷ್ಟೇ ವ್ಯತ್ಯಾಸ. ತಲೆಮಾರುಗಳಿಂದ ನಡೆದುಬಂದ ಪದ್ಧತಿಯಾದ್ದರಿಂದ ಇದರ ಹಿಂದೆ ಒಂದು ಸಿದ್ಧಾಂತ ಅಡಗಿದೆ ಎಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ. ಪದ ಒಂದು ಕಡೆ ಇರುತ್ತದೆ, ಅರ್ಥ ಇನ್ನೊಂದು ಕಡೆ ಇರುತ್ತದೆ, ಮನಸ್ಸು ಇವೆರಡನ್ನೂ ಜೋಡಿ ಮಾಡಿ ಇಟ್ಟುಕೊಳ್ಳುತ್ತದೆ, ಜೋಡಿ ಗೊತ್ತಿದ್ದರೆ ಪದ ಗೊತ್ತು ಎಂಬುದೇ ಆ ಸಿದ್ಧಾಂತ. ಕಳೆದ ಐವತ್ತು ವರ್ಷಗಳಲ್ಲಿ ಮನೋವಿಜ್ಞಾನಿಗಳೂ ನರವಿಜ್ಞಾನಿಗಳೂ ಇದನ್ನು ಹತ್ತಾರು ಬಗೆಯಲ್ಲಿ ಒರೆಗೆ ಹಚ್ಚಿದ್ದಾರೆ. ಮನಸ್ಸು ಹಾಗೆ ಕೆಲಸ ಮಾಡುವುದಿಲ್ಲ. ಹಾಗಿರುವಾಗ ಆ ಪಟ್ಟಿ ಒಪ್ಪಿಸಿದ್ದಕ್ಕೆ ಅಂಕ ಕೊಡುವ ಪದ್ಧತಿ ನಿಲ್ಲಬೇಕು ಎಂಬುದು ನನ್ನ ವಾದ.

ಮೊದಲು ವೇಗದ ವಿಚಾರ. ಓದುವಾಗಲೋ ಕೇಳುವಾಗಲೋ ಒಂದು ಪದದ ಅರ್ಥ ಹೊಳೆಯಲು ಅರೆ ಸೆಕೆಂಡೂ ಬೇಕಿಲ್ಲ. ಅಷ್ಟರೊಳಗೆ ನಡೆಯುವುದನ್ನು ಯಾರೂ ಒಳಗಿಣುಕಿ ನೋಡಿ ಹೇಳಲಾರರು. ಅದಕ್ಕೆ ಪ್ರಯೋಗವೇ ಬೇಕು. 1971ರಲ್ಲಿ ಡೇವಿಡ್ ಮೇಯರ್ ಮತ್ತು ರೋಜರ್ ಶ್ವಾನೆವೆಲ್ಟ್ ಜನರಿಗೆ ಪದಗಳ ಜೋಡಿ ತೋರಿಸಿ, ಅವು ನಿಜವಾದ ಪದಗಳೋ ಸುಮ್ಮನೆ ಜೋಡಿಸಿದ ಅಕ್ಷರಗಳೋ ಎಂದು ಕೇಳಿದರು. ‘ಬ್ರೆಡ್’ ಜೊತೆಗೆ ‘ಬಟರ್’ ಬಂದಾಗ ಉತ್ತರ ಬೇಗ ಬಂತು. ‘ಬ್ರೆಡ್’ ಜೊತೆಗೆ ‘ಡಾಕ್ಟರ್’ ಬಂದಾಗ ತಡವಾಯಿತು. ಒಂದು ಪದ ಎಚ್ಚರವಾದರೆ ಅದರ ನೆಂಟರಿಷ್ಟರೂ ಅರ್ಧ ಎಚ್ಚರವಾಗುತ್ತಾರೆ ಎಂದಾಯಿತು. 1979ರಲ್ಲಿ ಡೇವಿಡ್ ಸ್ವಿನ್ನಿ ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಹುಳು ಎಂದೂ ಕದ್ದು ಕೇಳುವ ಸಾಧನ ಎಂದೂ ಎರಡು ಅರ್ಥವಿರುವ ಇಂಗ್ಲಿಷಿನ ‘ಬಗ್’ ಪದವನ್ನು ಅವರು ಒಂದು ವಾಕ್ಯದಲ್ಲಿಟ್ಟು ಕೇಳಿಸಿದರು. ಅದೇ ವಾಕ್ಯದಲ್ಲಿ ಜೇಡ, ಜಿರಲೆಗಳ ಮಾತೂ ಇದ್ದುದರಿಂದ ಯಾವ ಅರ್ಥ ಎಂಬುದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆದರೂ ಆ ಪದ ಕಿವಿಗೆ ಬಿದ್ದ ಕ್ಷಣದಲ್ಲಿ ಪರದೆಯ ಮೇಲೆ ‘ಇರುವೆ’ ಎಂಬ ಪದ ಮೂಡಿದರೂ ‘ಗೂಢಚಾರ’ ಎಂಬ ಪದ ಮೂಡಿದರೂ ಜನ ಅಷ್ಟೇ ಬೇಗ ಗುರುತಿಸಿದರು. ವಾಕ್ಯ ಮೂರು ಅಕ್ಷರಗಳಷ್ಟು ಮುಂದೆ ಸಾಗಿದ ಮೇಲೆ ನೋಡಿದರೆ ಗೂಢಚಾರ ಜಾಗ ಖಾಲಿ ಮಾಡಿದ್ದ, ಇರುವೆ ಮಾತ್ರ ಉಳಿದಿತ್ತು. ಇದೇ ಲೆಕ್ಕದಲ್ಲಿ, ಹೊಳೆ ಉಕ್ಕಿ ನೆರೆ ಬಂತು ಎಂದು ಓದುವಾಗ ನೆರೆಮನೆಯವರೂ ಒಂದು ಗಳಿಗೆ ಮನಸ್ಸಿನ ಹೊಸ್ತಿಲಿಗೆ ಬಂದು ಹೋಗುತ್ತಿರಬೇಕು. ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಒಂದು ಅರ್ಥ ತೀರಾ ಬಳಕೆಯದೂ ಇನ್ನೊಂದು ಅಪರೂಪದ್ದೂ ಆಗಿದ್ದರೆ ಫಲಿತಾಂಶ ಬದಲಾಗುತ್ತದೆ ಎಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ, ನಿಜ. ಆದರೆ ಯಾರೂ ಹಳೆಯ ಜೋಡಿ ಸಿದ್ಧಾಂತಕ್ಕೆ ಮರಳಿಲ್ಲ. ಅರ್ಥ ಎಂಬುದು ಪಟ್ಟಿಯ ಬಲಬದಿಯಿಂದ ಎತ್ತಿಕೊಳ್ಳುವ ವಸ್ತುವಲ್ಲ. ಹಲವು ಸಾಧ್ಯತೆಗಳು ಏಳುತ್ತವೆ, ವಾಕ್ಯ ಅವುಗಳಲ್ಲಿ ಬೇಕಾದ್ದನ್ನು ಉಳಿಸಿಕೊಳ್ಳುತ್ತದೆ.

ಪದ ಗೊತ್ತಿರುವುದು ಬೇರೆ, ಲೋಕ ಗೊತ್ತಿರುವುದು ಬೇರೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನಿಘಂಟು ಮೊದಲನೆಯದಕ್ಕೆ, ವಿಶ್ವಕೋಶ ಎರಡನೆಯದಕ್ಕೆ. ಮಿದುಳು ಈ ಗಡಿಯನ್ನು ಮನ್ನಿಸುತ್ತದೆಯೇ? 1980ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ತಲೆಗೆ ವಿದ್ಯುದಗ್ರಗಳನ್ನು ಅಂಟಿಸಿಕೊಂಡ ಓದುಗರಿಗೆ ವಾಕ್ಯಗಳನ್ನು ಒಂದೊಂದೇ ಪದವಾಗಿ ತೋರಿಸಿದರು. ಬೆಚ್ಚಗಿನ ಬ್ರೆಡ್ಡಿಗೆ ಬೆಣ್ಣೆ ಸವರಿದ ಎನ್ನಬೇಕಾದ ಕಡೆ ಕಾಲುಚೀಲ ಸವರಿದ ಎಂದಿಟ್ಟರೆ, ಆ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನ ವಿದ್ಯುತ್ ಅಲೆಯಲ್ಲಿ ಸ್ಪಷ್ಟವಾದ ಏರಿಳಿತ ಕಾಣಿಸಿತು. ‘ಎನ್400’ ಎಂದು ಹೆಸರಾದ ಈ ಅಲೆಯನ್ನು ಇಟ್ಟುಕೊಂಡು 2004ರಲ್ಲಿ ನೆದರ್ಲೆಂಡ್ಸಿನ ಪೀಟರ್ ಹಾಗೂರ್ಟ್ ಮತ್ತು ಸಂಗಡಿಗರು ಜಾಣ ಪರೀಕ್ಷೆಯೊಂದನ್ನು ಹೂಡಿದರು. ಅಲ್ಲಿನ ರೈಲುಗಳ ಬಣ್ಣ ಹಳದಿ, ಅದು ಅಲ್ಲಿನವರಿಗೆಲ್ಲ ಗೊತ್ತು. ರೈಲು ಹುಳಿಯಾಗಿದೆ ಎಂದರೆ ಅದು ಅರ್ಥಕ್ಕೇ ವಿರುದ್ಧ. ರೈಲು ಬೆಳ್ಳಗಿದೆ ಎಂದರೆ ಅರ್ಥದಲ್ಲಿ ದೋಷವಿಲ್ಲ, ಸುಳ್ಳು ಮಾತ್ರ. ನಿಘಂಟೂ ವಿಶ್ವಕೋಶವೂ ತಲೆಯಲ್ಲಿ ಬೇರೆಬೇರೆ ಇದ್ದಿದ್ದರೆ ಮಿದುಳು ಮೊದಲನೆಯ ತಪ್ಪನ್ನು ಬೇಗ, ಎರಡನೆಯದನ್ನು ತಡವಾಗಿ ಹಿಡಿಯಬೇಕಿತ್ತು. ಎರಡಕ್ಕೂ ಅದೇ ಅಲೆ, ಅದೇ ಹೊತ್ತಿಗೆ ಎದ್ದಿತು. ರೈಲಿನ ಬಣ್ಣ ಯಾವ ನಿಘಂಟಿನಲ್ಲೂ ಇರುವುದಿಲ್ಲ. ಆ ಊರಿನವರ ತಲೆಯಲ್ಲಿ ಮಾತ್ರ ಅದು ‘ರೈಲು’ ಎಂಬ ಪದದ ಅರ್ಥದೊಳಗೇ ಬೆರೆತುಹೋಗಿದೆ.

ಆರೋಗ್ಯವಂತರ ಮಿದುಳಿಗಿಂತ ಪೆಟ್ಟುತಿಂದ ಮಿದುಳು ಕೆಲವೊಮ್ಮೆ ಹೆಚ್ಚು ಕಲಿಸುತ್ತದೆ. ಲಂಡನ್ನಿನ ಎಲಿಜಬೆತ್ ವಾರಿಂಗ್ಟನ್ ಮತ್ತು ಟಿಮ್ ಶಾಲಿಸ್ 1984ರಲ್ಲಿ, ಮಿದುಳಿನ ಉರಿಯೂತದಿಂದ ಚೇತರಿಸಿಕೊಂಡಿದ್ದ ನಾಲ್ವರು ರೋಗಿಗಳ ಬಗ್ಗೆ ಬರೆದರು. ಅವರಲ್ಲೊಬ್ಬರಿಗೆ ದಿಕ್ಸೂಚಿ ಎಂದರೇನು, ಕೈಪೆಟ್ಟಿಗೆ ಯಾತಕ್ಕೆ ಎಂದು ಕೇಳಿದರೆ ಸಲೀಸಾಗಿ ಹೇಳುತ್ತಿದ್ದರು. ಗಿಳಿ ಎಂದರೇನು ಎಂದರೆ ಗೊತ್ತಿಲ್ಲ ಎನ್ನುತ್ತಿದ್ದರು. ಜೀವಿಗಳ ಲೋಕವೇ ಅವರ ಮನಸ್ಸಿನಿಂದ ಹೆಚ್ಚುಕಡಿಮೆ ಅಳಿಸಿಹೋಗಿತ್ತು, ಮನುಷ್ಯ ಮಾಡಿದ ವಸ್ತುಗಳ ಲೋಕ ಬಹುಮಟ್ಟಿಗೆ ಉಳಿದಿತ್ತು. ಬಳಸಿ ತಿಳಿಯುವ ವಸ್ತುಗಳ ಅರ್ಥವೂ ಕಂಡು ತಿಳಿಯುವ ವಸ್ತುಗಳ ಅರ್ಥವೂ ಮಿದುಳಿನ ಬೇರೆಬೇರೆ ಭಾಗಗಳನ್ನು ನೆಚ್ಚಿಕೊಂಡಿರಬಹುದು ಎಂದು ಆ ಇಬ್ಬರು ಸಂಶೋಧಕರು ಊಹಿಸಿದರು. ಕಪೋಲದ ಬದಿಯ ಮಿದುಳಿನ ಮುಂತುದಿ ನಿಧಾನವಾಗಿ ಸೊರಗುವ ಇನ್ನೊಂದು ಕಾಯಿಲೆಯಿದೆ. ಅರ್ಥವೇ ಮರೆಯುವ ಕಾಯಿಲೆ ಎನ್ನಬಹುದು. ಅದರಲ್ಲಿ ಮಾತಿನ ಓಟ, ವ್ಯಾಕರಣ ಬಹುಕಾಲ ನೆಟ್ಟಗಿರುತ್ತವೆ, ಪದಗಳು ಮಾತ್ರ ಒಳಗಿನಿಂದ ಟೊಳ್ಳಾಗುತ್ತ ಹೋಗುತ್ತವೆ. ಪಟ್ಟೆಕುದುರೆ ಮೊದಲು ಬರೀ ಕುದುರೆಯಾಗುತ್ತದೆ, ಆಮೇಲೆ ಬರೀ ಪ್ರಾಣಿಯಾಗುತ್ತದೆ. ಬಾತುಕೋಳಿಯ ಚಿತ್ರ ತೋರಿಸಿ, ಸ್ವಲ್ಪ ಹೊತ್ತಿನ ಮೇಲೆ ನೆನಪಿನಿಂದ ಬರೆಯಲು ಹೇಳಿದರೆ ಇಂಥ ರೋಗಿಗಳಲ್ಲಿ ಕೆಲವರು ನಾಲ್ಕು ಕಾಲಿನ ಬಾತುಕೋಳಿ ಬರೆದುಕೊಟ್ಟಿದ್ದಾರೆ. ಒಂದು ಸಾಲಿನ ವಿವರಣೆ ಕಳೆದುಹೋಗುವುದಾದರೆ ಇಡಿಯಾಗಿ ಕಳೆಯಬೇಕಿತ್ತು. ಇಲ್ಲಿ ಹಾಗಾಗುವುದಿಲ್ಲ. ತನ್ನದೇ ಆದ ವಿಶೇಷ ಮೊದಲು ಸವೆಯುತ್ತದೆ, ಗುಂಪಿಗೆಲ್ಲ ಸಮಾನವಾದದ್ದು ಕೊನೆಯತನಕ ನಿಲ್ಲುತ್ತದೆ. ಎಷ್ಟೋ ಅನುಭವಗಳು ಒಂದರ ಮೇಲೊಂದು ಕೂತು ಬೆಳೆದ ರಚನೆಗೆ ಮಾತ್ರ ಇಂಥ ಸವಕಳಿ ಸಾಧ್ಯ.

ಹಾಗಾದರೆ ಅರ್ಥವೆಂದರೆ ಅನುಭವವೇ ಎಂದು ಕೈತೊಳೆದುಕೊಳ್ಳಬಹುದೇ? ಕೆಲವರು ಹಾಗೆ ಹೇಳುತ್ತಾರೆ. ಒದೆ, ಎತ್ತಿಕೊ, ನೆಕ್ಕು ಎಂಬ ಅರ್ಥದ ಕ್ರಿಯಾಪದಗಳನ್ನು ಓದಿದಾಗ ಮಿದುಳಿನಲ್ಲಿ ಕ್ರಮವಾಗಿ ಕಾಲು, ಕೈ, ನಾಲಿಗೆಯನ್ನು ಆಡಿಸುವ ಭಾಗಗಳ ಆಸುಪಾಸು ಚುರುಕಾಗುತ್ತದೆ ಎಂದು ಓಲಾಫ್ ಹೌಕ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಾಗ ಈ ವಾದಕ್ಕೆ ದೊಡ್ಡ ಬಲ ಬಂತು. ಆದರೆ ಆ ಚುರುಕು ಅರ್ಥವೇ ಹೌದೋ, ಅರ್ಥ ಹೊಳೆದ ಮೇಲೆ ಎದ್ದ ಮಾರ್ದನಿಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅದಕ್ಕಿಂತ ದೊಡ್ಡ ಆಕ್ಷೇಪ ಅಂಧರದ್ದು. ಬಾರ್ಬರಾ ಲಾಂಡೌ ಮತ್ತು ಲೀಲಾ ಗ್ಲೈಟ್‌ಮನ್ 1985ರ ತಮ್ಮ ಪುಸ್ತಕದಲ್ಲಿ, ಹುಟ್ಟುಕುರುಡಾದ ಪುಟ್ಟ ಹುಡುಗಿಯೊಬ್ಬಳು ‘ನೋಡು’ ಎಂಬಂಥ ಪದಗಳನ್ನು ಸರಿಯಾಗಿ ಬಳಸಲು ಕಲಿತದ್ದನ್ನು ದಾಖಲಿಸಿದ್ದಾರೆ. ಮರೀನಾ ಬೆಡ್ನಿ ಮತ್ತು ಸಂಗಡಿಗರು ಇತ್ತೀಚೆಗೆ ತೋರಿಸಿದಂತೆ, ಹೊಳೆಯುವುದು, ಮಿನುಗುವುದು, ದಿಟ್ಟಿಸುವುದು ಇಂಥ ಕ್ರಿಯಾಪದಗಳ ನಡುವಿನ ಸೂಕ್ಷ್ಮ ವ್ಯತ್ಯಾಸಗಳನ್ನು ಕಣ್ಣಿಲ್ಲದವರು ಕಣ್ಣಿರುವವರಷ್ಟೇ ಬಲ್ಲರು. ಅನುಭವವೇ ಸರ್ವಸ್ವವಾಗಿದ್ದರೆ ಇದು ಆಗುವ ಮಾತಲ್ಲ.

ಇಲ್ಲಿ ಪಟ್ಟಿಯ ಪಕ್ಷದವರಿಗೆ ಆಸೆ ಚಿಗುರಬಹುದು: ಕಾಣದವರೂ ಕಲಿತರು ಎಂದರೆ ಬಾಯಿಮಾತಿನ ವಿವರಣೆಯಿಂದಲೇ ಕಲಿತಿರಬೇಕಲ್ಲ? 2019ರಲ್ಲಿ ಬೆಡ್ನಿಯವರ ತಂಡ ಇದನ್ನೇ ಪರೀಕ್ಷಿಸಿತು. ಹುಟ್ಟುಕುರುಡರಿಗೂ ಕಣ್ಣಿರುವವರಿಗೂ ಪ್ರಾಣಿಗಳ ಗಾತ್ರ, ಆಕಾರ, ಮೈಯ ಹೊದಿಕೆ, ಬಣ್ಣಗಳ ಬಗ್ಗೆ ಪ್ರಶ್ನೆ ಕೇಳಿದರು. ಬಾಯಿಮಾತಿನಲ್ಲಿ ಹೇಳಲು ಅತ್ಯಂತ ಸುಲಭವಾದದ್ದು ಬಣ್ಣ: ಆನೆ ಬೂದು, ಕಾಗೆ ಕಪ್ಪು. ವಿವರಣೆಯಿಂದ ಕಲಿಯುವುದಾದರೆ ಅಂಧರು ಬಣ್ಣದಲ್ಲೇ ಮುಂದಿರಬೇಕಿತ್ತು. ಆದದ್ದು ತದ್ವಿರುದ್ಧ. ಇಬ್ಬರ ನಡುವೆ ಅತಿ ಹೆಚ್ಚು ಭಿನ್ನಾಭಿಪ್ರಾಯ ಬಂದದ್ದೇ ಬಣ್ಣದಲ್ಲಿ. ಮೈಯ ಹೊದಿಕೆ, ಆಕಾರಗಳಲ್ಲಿ ಹೆಚ್ಚು ಹೊಂದಾಣಿಕೆ ಇತ್ತು. ಏಕೆಂದರೆ ಅವನ್ನು ಊಹಿಸಬಹುದು. ಹಕ್ಕಿ ಎಂದು ಗೊತ್ತಿದ್ದರೆ ಗರಿ ಇರಬೇಕು ಎಂದು ತಿಳಿಯುತ್ತದೆ. ಬಣ್ಣ ಹಾಗಲ್ಲ, ಅದು ಯಾವುದಕ್ಕೂ ತಳುಕು ಹಾಕಿಕೊಳ್ಳದ ಬಿಡಿ ಸಂಗತಿ. ಬಿಡಿ ಸಂಗತಿ ಹೇಳಿಸಿಕೊಂಡರೂ ನಿಲ್ಲುವುದಿಲ್ಲ, ಉಳಿದ ತಿಳಿವಳಿಕೆಗೆ ಹೆಣೆದುಕೊಂಡದ್ದು ಹೇಳದಿದ್ದರೂ ಬರುತ್ತದೆ. ಕಣ್ಣಾರೆ ಕಾಣದ ನ್ಯಾಯ, ಸಾಲ, ಮುನಿಸುಗಳನ್ನು ನಾವೆಲ್ಲರೂ ಕಲಿಯುವುದು ಹೀಗೆಯೇ.

ಇನ್ನು ತರಗತಿಗೆ ಬರೋಣ. ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ಗಿಲ್ಡಿಯಾ 1987ರಲ್ಲಿ ಪ್ರಕಟಿಸಿದ ಲೇಖನ ಶಿಕ್ಷಕರೆಲ್ಲರೂ ಓದಬೇಕಾದದ್ದು. ಅಮೆರಿಕದ ಶಾಲಾಮಕ್ಕಳಿಗೆ ನಿಘಂಟು ಕೊಟ್ಟು, ಹೊಸ ಪದದ ಅರ್ಥ ನೋಡಿಕೊಂಡು ವಾಕ್ಯ ರಚಿಸಲು ಹೇಳಿದರೆ ಏನಾಗುತ್ತದೆ ಎಂಬುದನ್ನು ಅವರು ನೋಡಿದರು. ನದಿ ದಡವನ್ನು ಕೊರೆಯುವುದಕ್ಕೆ ಇಂಗ್ಲಿಷಿನಲ್ಲಿರುವ ‘ಎರೋಡ್’ ಎಂಬ ಪದದ ಅರ್ಥವಿವರಣೆಯಲ್ಲಿ ‘ಈಟ್ ಔಟ್’ ಎಂಬ ಮಾತಿತ್ತು. ಮನೆಯ ಹೊರಗೆ ಊಟ ಮಾಡುವುದಕ್ಕೂ ಅಲ್ಲಿ ಅದೇ ಮಾತು. ಮಗುವೊಂದು ತಮ್ಮ ಕುಟುಂಬ ಆಗಾಗ ‘ಎರೋಡ್’ ಮಾಡುತ್ತದೆ ಎಂದು ಬರೆಯಿತು. ಉತ್ತೇಜಿಸು ಎಂಬ ಪದಕ್ಕೆ ಕಲಕು ಎಂಬ ಅರ್ಥ ಕಂಡ ಇನ್ನೊಂದು ಮಗು ಸಾರನ್ನು ಉತ್ತೇಜಿಸಿಬಿಟ್ಟಿತು. ಮಕ್ಕಳನ್ನು ನೋಡಿ ನಗುವಂತಿಲ್ಲ. ಅವರು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರು: ಎಡದ ಪದ ತೆಗೆದು ಬಲದ ಪದ ಇಡು, ಬಲದ ಪದ ತೆಗೆದು ಎಡದ ಪದ ಇಡು. ನಮ್ಮ ‘ಸಮಾನಾರ್ಥಕ ಪದ ಬರೆಯಿರಿ’ ಎಂಬ ಪ್ರಶ್ನೆಯೂ ಇದೇ ನಿಯಮವನ್ನು ಕಲಿಸುತ್ತದೆ. ಅನ್ನ ಎಂದರೆ ಕೂಳು ಎಂದು ಬರೆದವರಿಗೆ ಪೂರ್ತಿ ಅಂಕ. ಮನೆಗೆ ಬಂದ ನೆಂಟರಿಗೆ ಕೂಳಿಗೆ ಏಳಿ ಎಂದು ನೋಡಿ, ಅಂಕ ಎಷ್ಟು ಬರುತ್ತದೋ.

ಪಾಶ್ಚಾತ್ಯ ಪ್ರಯೋಗಾಲಯಗಳ ಮಾತನ್ನು ನಾವೇಕೆ ನಂಬಬೇಕು ಎನ್ನುವವರಿಗೆ ನಮ್ಮ ಮೀಮಾಂಸಕರಿದ್ದಾರೆ. ಮಗು ಮಾತು ಕಲಿಯುವ ಬಗೆಯನ್ನು ಅವರು ವಿವರಿಸಿದ್ದು ಹೀಗೆ: ಹಿರಿಯನೊಬ್ಬ ಇನ್ನೊಬ್ಬನಿಗೆ ಹಸುವನ್ನು ತಾ ಎನ್ನುತ್ತಾನೆ, ಅವನು ತರುತ್ತಾನೆ. ಮತ್ತೆ ಹಸುವನ್ನು ಕಟ್ಟು ಎನ್ನುತ್ತಾನೆ, ಕುದುರೆಯನ್ನು ತಾ ಎನ್ನುತ್ತಾನೆ. ಪಕ್ಕದಲ್ಲಿ ನಿಂತು ನೋಡುವ ಮಗುವಿಗೆ ಮೊದಲು ಸಿಗುವುದು ಇಡೀ ವಾಕ್ಯ, ಇಡೀ ಸನ್ನಿವೇಶ. ಯಾವ ಪದ ಸೇರಿದಾಗ ಏನು ಸೇರಿತು, ಯಾವುದು ಹೋದಾಗ ಏನು ಹೋಯಿತು ಎಂದು ಗಮನಿಸುತ್ತ ಅದು ಪದಗಳ ಅರ್ಥವನ್ನು ಬಿಡಿಸಿಕೊಳ್ಳುತ್ತದೆ. ಆವಾಪ, ಉದ್ವಾಪ ಎಂದು ಅವರು ಈ ಕ್ರಮಕ್ಕೆ ಹೆಸರಿಟ್ಟರು. 2008ರಲ್ಲಿ ಲಿಂಡಾ ಸ್ಮಿತ್ ಮತ್ತು ಚೆನ್ ಯು, 12 ಮತ್ತು 14 ತಿಂಗಳ ಕೂಸುಗಳು ಹಲವು ಸನ್ನಿವೇಶಗಳನ್ನು ತಾಳೆ ನೋಡಿ ಪದಕ್ಕೂ ವಸ್ತುವಿಗೂ ನಂಟು ಹಚ್ಚುತ್ತವೆ ಎಂದು ತೋರಿಸಿದರು. ತತ್ತ್ವ ಬಹುಮಟ್ಟಿಗೆ ಅದೇ. ಒಂದೊಂದು ಪದವೂ ತನ್ನ ಅರ್ಥವನ್ನು ಬಿಡಿಯಾಗಿ ಹೇಳಿ ಆಮೇಲೆ ಸೇರುತ್ತದೆ ಎಂದ ಕುಮಾರಿಲ ಭಟ್ಟರಿಗೂ, ಸೇರಿಕೊಂಡೇ ಅರ್ಥ ಹೇಳುತ್ತದೆ ಎಂದ ಪ್ರಭಾಕರರಿಗೂ ನಡುವಿನ ವಾದ ಪ್ರಸಿದ್ಧವಾದದ್ದು. ಸ್ವಿನ್ನಿಯ ಪ್ರಯೋಗ ಇಬ್ಬರಿಗೂ ಒಂದೊಂದು ಪಾಲು ಕೊಡುತ್ತದೆ ಎಂದು ನನಗನ್ನಿಸುತ್ತದೆ. ನೈಯಾಯಿಕರು ಪದದ ಅರ್ಥ ತಿಳಿಯಲು ಎಂಟು ದಾರಿಗಳನ್ನು ಎಣಿಸುತ್ತಾರೆ: ವ್ಯಾಕರಣ, ಹೋಲಿಕೆ, ಕೋಶ, ನಂಬತಕ್ಕವರ ಮಾತು, ಬಳಕೆ, ವಾಕ್ಯದ ಉಳಿದ ಭಾಗ, ವಿವರಣೆ, ಗೊತ್ತಿರುವ ಪದದ ನೆರೆ. ಎಂಟರಲ್ಲಿ ಕೋಶ ಒಂದು. ನಮ್ಮ ಪರೀಕ್ಷೆ ಉಳಿದ ಏಳನ್ನು ಹೆಚ್ಚುಕಡಿಮೆ ಕೈಬಿಟ್ಟಿದೆ.

ಅಮರಕೋಶವನ್ನು ಉರುಹೊಡೆದೇ ದೊಡ್ಡ ವಿದ್ವಾಂಸರಾದವರಿಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದ್ದಾರೆ. ಆದರೆ ಅಮರಕೋಶದ ಏರ್ಪಾಡನ್ನು ಒಮ್ಮೆ ನೋಡಬೇಕು. ಅದು ಅಕಾರಾದಿಯಾಗಿಲ್ಲ. ಸ್ವರ್ಗವರ್ಗ, ವಾರಿವರ್ಗ, ವನೌಷಧಿವರ್ಗ, ಸಿಂಹಾದಿವರ್ಗ ಎಂದು ಲೋಕವನ್ನೇ ವಿಂಗಡಿಸಿ, ನೀರಿಗೆ ಸಂಬಂಧಿಸಿದ್ದನ್ನೆಲ್ಲ ಒಂದೆಡೆ, ಗಿಡಮೂಲಿಕೆಗಳನ್ನೆಲ್ಲ ಒಂದೆಡೆ ಇಡುತ್ತದೆ. ಮೇಯರ್ ಮತ್ತು ಶ್ವಾನೆವೆಲ್ಟ್ ಅಳೆದ ನೆಂಟಸ್ತಿಕೆಯೇ ಅದರ ಬೆನ್ನೆಲುಬು. ಮೇಲಾಗಿ ಅದನ್ನು ಕಲಿತವರು ಅಲ್ಲಿಗೆ ನಿಲ್ಲುತ್ತಿರಲಿಲ್ಲ, ಕಾವ್ಯಕ್ಕೆ ಹೋಗುತ್ತಿದ್ದರು. ಅಲ್ಲಿ ಅದೇ ಪದಗಳು ನೂರು ಕಡೆ ನೂರು ಬಣ್ಣದಲ್ಲಿ ಎದುರಾಗುತ್ತಿದ್ದವು. ಕೋಶ ಕಾವ್ಯಕ್ಕೆ ಹೊಸ್ತಿಲಾಗಿತ್ತು. ನಾವು ಹೊಸ್ತಿಲಲ್ಲೇ ಪರೀಕ್ಷೆ ಮಾಡಿ ಮಕ್ಕಳನ್ನು ವಾಪಸು ಕಳಿಸುತ್ತಿದ್ದೇವೆ. ಕನ್ನಡದ ನಿಘಂಟುಕಾರರೂ ಬರೀ ಗೀಟಿನ ಪಟ್ಟಿಯಲ್ಲಿ ತೃಪ್ತರಾದವರಲ್ಲ. 1894ರಲ್ಲಿ ಹೊರಬಂದ ಕಿಟೆಲರ ಕೋಶದಲ್ಲಿ ಗಾದೆಗಳೂ ಪ್ರಯೋಗಗಳೂ ತುಂಬಿವೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಶಾಸನ, ಕಾವ್ಯಗಳಿಂದ ಎತ್ತಿದ ಉದಾಹರಣೆಗಳೇ ಜೀವಾಳ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕಾನೂನಿಗೆ, ವಿಜ್ಞಾನಕ್ಕೆ ಖಚಿತವಾದ ಲಕ್ಷಣವಾಕ್ಯ ಬೇಡವೇ? ಖಂಡಿತ ಬೇಕು. ತ್ರಿಕೋನ ಎಂದರೇನು ಎಂಬುದನ್ನು ಅನುಭವಕ್ಕೆ ಬಿಡಲಾಗದು. ಅವು ಒಂದು ಶಾಸ್ತ್ರದವರು ಕೂಡಿ ಮಾಡಿಕೊಂಡ ಒಪ್ಪಂದಗಳು, ಅವನ್ನು ಅಕ್ಷರಶಃ ತಿಳಿದಿರಬೇಕು. ಅಷ್ಟಾದರೂ ದ್ಯುತಿಸಂಶ್ಲೇಷಣೆಯ ಲಕ್ಷಣವನ್ನು ತಪ್ಪಿಲ್ಲದೆ ಒಪ್ಪಿಸಿದ ವಿದ್ಯಾರ್ಥಿಗೆ ಆ ಪದ ಗೊತ್ತಾಗಿದೆಯೇ ಎಂಬುದು, ಬೆಳಕಿಲ್ಲದ ಕೋಣೆಯಲ್ಲಿಟ್ಟ ಗಿಡ ಏನಾಗುತ್ತದೆ ಎಂದು ಕೇಳಿದ ಮೇಲಷ್ಟೇ ತಿಳಿಯುವುದು. ಹಾಗೆಯೇ, ಎರಡನೆಯ ಭಾಷೆ ಕಲಿಯುವವರಿಗೆ ಜೋಡಿಪಟ್ಟಿಯಿಂದ ನಿಜವಾದ ಲಾಭವಿದೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಉರ್ದುವನ್ನೋ ಆಡುವ ಮಗುವಿಗೆ ಮರ ಎಂಬ ಕಲ್ಪನೆ ಆಗಲೇ ಇದೆ, ಕನ್ನಡದ ಹೆಸರೊಂದು ಬೇಕು. ಪಟ್ಟಿ ಆ ಕೆಲಸ ಮಾಡಿಕೊಡುತ್ತದೆ. ಆದರೆ ಪಾಠದ ಕೊನೆಯ ಪಟ್ಟಿಗೆ ಸೇರುವುದು ಮರ, ಮನೆಗಳಲ್ಲ. ಔದಾರ್ಯ, ವಿಡಂಬನೆ, ಪ್ರಾಯಶ್ಚಿತ್ತದಂಥ ಪದಗಳು. ಅಲ್ಲಿ ಹೊಸದಾಗಿರುವುದು ಕಲ್ಪನೆಯೇ, ಹೆಸರು ಮಾತ್ರವಲ್ಲ.

ಅಷ್ಟೊಂದು ಮಕ್ಕಳಿರುವ ತರಗತಿ, ಮುಗಿಸಲೇಬೇಕಾದ ಪಾಠಗಳು, ಇದಕ್ಕೆಲ್ಲ ಹೊತ್ತೆಲ್ಲಿ ಎಂಬುದು ಶಿಕ್ಷಕರ ನ್ಯಾಯವಾದ ದೂರು. ಹೊತ್ತು ಬೇಕು ಎಂಬುದೂ ನಿಜ. ಮಾರ್ಗರೆಟ್ ಮೆಕ್‌ಕೌನ್, ಇಸಬೆಲ್ ಬೆಕ್ ಮತ್ತಿಬ್ಬರು 1985ರಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೆ ಕೆಲವು ಪದಗಳನ್ನು 4 ಸಲ, ಕೆಲವನ್ನು 12 ಸಲ ಎದುರಾಗುವಂತೆ ಕಲಿಸಿದರು. ಅರ್ಥ ಹೇಳು ಎಂದಾಗ ಎಲ್ಲ ಬಗೆಯ ಕಲಿಕೆಯೂ ಫಲ ಕೊಟ್ಟಿತು, ಬರೀ ವಿವರಣೆ ಕೊಟ್ಟದ್ದೂ ಸಹ. ಆದರೆ ಆ ಪದಗಳಿರುವ ಕಥೆಯನ್ನು ಓದಿ ಗ್ರಹಿಸಲು ನೆರವಾದದ್ದು, ಬೇರೆಬೇರೆ ಸಂದರ್ಭಗಳಲ್ಲಿ 12 ಸಲ ಬಳಸಿ ಕಲಿತಾಗ ಮಾತ್ರ. ಅಂದರೆ ನಮ್ಮ ಪರೀಕ್ಷೆ ಈಗ ಅಳೆಯುತ್ತಿರುವುದು ಯಾವ ಕಲಿಕೆಗೂ ದಕ್ಕುವ ಫಲವನ್ನು. ಓದಿನ ಗ್ರಹಿಕೆ ಅದರ ಲೆಕ್ಕಕ್ಕೇ ಬರುತ್ತಿಲ್ಲ. ಪಾಠಕ್ಕೆ ಹದಿನೈದು ಪದ ಕೊಟ್ಟು ಒಂದನ್ನೂ ಕಲಿಸದಿರುವುದಕ್ಕಿಂತ ಐದನ್ನೇ ಆರಿಸಿಕೊಂಡು ವರ್ಷವಿಡೀ ಮತ್ತೆಮತ್ತೆ ಬಳಕೆಗೆ ತರುವುದು ಮೇಲು. ಪಠ್ಯಪುಸ್ತಕ ರಚಿಸುವವರು ಮನಸ್ಸು ಮಾಡಿದರೆ ಮೂರನೆಯ ಪಾಠದ ಪದ ಏಳರಲ್ಲೂ ಹನ್ನೊಂದರಲ್ಲೂ ಬರುವಂತೆ ಹೆಣೆಯಬಹುದು.

‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂಬ ಪ್ರಶ್ನೆ ಈಗಲೂ ಇದೆಯಲ್ಲ ಎನ್ನಬಹುದು. ಇದೆ, ಆದರೆ ಪದವನ್ನು ಗೀಟಿನ ಮೂಲಕವಷ್ಟೇ ಕಂಡ ಮಗು ಸಾರನ್ನು ಉತ್ತೇಜಿಸುವಂಥ ವಾಕ್ಯವನ್ನೇ ಬರೆಯುತ್ತದೆ. ಅದನ್ನು ತಪ್ಪಿಸಲು ಗೈಡುಗಳು ಸ್ವಂತ ವಾಕ್ಯವನ್ನೂ ಸಿದ್ಧಪಡಿಸಿ ಮಾರುತ್ತಿವೆ. ಹಳಗನ್ನಡ ಪದ್ಯದ ಕೆಳಗೆ ಅರ್ಥ ಕೊಡುವುದು ತಪ್ಪಲ್ಲ, ಅದಿಲ್ಲದೆ ಪದ್ಯದ ಒಳಹೋಗುವುದೇ ಕಷ್ಟ. ಪಟ್ಟಿ ಪುಸ್ತಕದಲ್ಲಿ ಇದ್ದುಕೊಳ್ಳಲಿ, ಪ್ರಶ್ನೆಪತ್ರಿಕೆಗೆ ಮಾತ್ರ ಬರುವುದು ಬೇಡ. ಅಲ್ಲಿ ಹೊಸ ವಾಕ್ಯವೃಂದವೊಂದನ್ನು ಕೊಟ್ಟು ಈ ಪದ ಇಲ್ಲಿ ಒಪ್ಪುತ್ತದೆಯೇ, ಒಪ್ಪದಿದ್ದರೆ ಏಕೆ ಎಂದು ಕೇಳಲಿ. ಅನ್ನ, ಕೂಳು, ಊಟ, ಆಹಾರ ನಾಲ್ಕನ್ನೂ ಕೊಟ್ಟು ಯಾವುದು ಎಲ್ಲಿ ಹೊಂದುತ್ತದೆ ಎಂದು ಕೇಳಲಿ. ಇದಕ್ಕೆ ಹೊಸ ಕಟ್ಟಡವಾಗಲಿ ಅನುದಾನವಾಗಲಿ ಬೇಕಿಲ್ಲ. ಪರೀಕ್ಷೆ ಏನು ಕೇಳುತ್ತದೋ ತರಗತಿ ಅದನ್ನೇ ಕಲಿಸುತ್ತದೆ ಎಂಬುದು ಎಲ್ಲ ಶಿಕ್ಷಕರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಮುಂದಿನ ಪ್ರಶ್ನೆಪತ್ರಿಕೆ ಸಿದ್ಧಪಡಿಸಲು ಕೂರುವವರು ‘ಈ ಪದಗಳ ಅರ್ಥ ಬರೆಯಿರಿ’ ಎಂಬ ಸಾಲನ್ನು ಈ ಸಲವೇ ಕೈಬಿಡಬೇಕು.